ಸಾಹುಕಾರರ ಎದೆಯೊಳಗಿನ ಹಮಾಲರು

ಎದೆ ಪರೀಕ್ಷೆ ಮಾಡುವ ಡಾಕ್ಟರ ಎದೆಯೇ ಧಸಕ್ಕೆನ್ನುವ ಪ್ರಸಂಗಗಳು ನನ್ನ ರಾಯಚೂರಿನ ದವಾಖಾನೆಯಲ್ಲಿ ಆಗುತ್ತಲೇ ಇರುತ್ತವೆ. ಆದರೆ ಮಾನ್ವಿಯ ಒಬ್ಬ ರೈಸ್ ಮಿಲ್ ಸಾಹುಕಾರರ ಮನೆತನ ನನ್ನನ್ನು ಬೆಚ್ಚಿಬೀಳಿಸಿದಷ್ಟು ಇನ್ಯಾರೂ ಬೀಳಿಸಿಲ್ಲ.

ಪೇಡೆ

ಸಾಹುಕಾರರಿಗೆ ಮೆಟ್ಟಿಲು ಹತ್ತಿದರೆ ದಮ್ಮು. ಒಮ್ಮೆ ಮಿಲ್ಲಿನಲ್ಲೇ ತಲೆಸುತ್ತಿ ಬಿದ್ದಿದ್ದರು. ಎದೆಯ ಎಕೋ ಸ್ಕ್ಯಾನ್ ಮಾಡಿ ಹೇಳಿದೆ: "ಹೃದಯದ ಸ್ನಾಯು ದಪ್ಪ ಆಗ್ಯಾದ್ರಿ. ಬೇಕಾದ್ದಕ್ಕಿಂತ ಜೋರಾಗಿ ಹಿಂಡಾಕತ್ತದ. ರಕ್ತ ಹೊರಗ ಹೋಗೋ ದಾರಿ ಇಕ್ಕಟ್ಟಾಗ್ಯಾದ."

ಸಣ್ಣ ಜಡ್ಡಲ್ಲ. ಅವರ ಹೆಂಡತಿ ಅಳಬಹುದೆಂದು ನೀರಿನ ಗ್ಲಾಸು ಮುಂದೆ ಸರಿಸಿದೆ. ಅವರು ಅದನ್ನು ಮುಟ್ಟದೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಇಣುಕಿದರೆ, ಹೊರಗೆ ಕೂತ ರೋಗಿಗಳಿಗೆಲ್ಲ ಪೇಡೆ ಹಂಚುತ್ತಿದ್ದಾರೆ, ಸಕ್ಕರೆ ಕಾಯಿಲೆಯವರಿಗೂ!

"ಏನ್ರೀ ಇದು?"

"ನಮ್ಮ ಮನಿಯವರ ಎದಿ ಭಾಳ ಗಟ್ಟಿ ಅದ ಅಂದ್ರಲ್ರೀ ಮೇಡಂ. ಸುಮ್ನ ಅಂಜಿದ್ವಿ!"

ಹಮಾಲರ ರಜೆ

ಗುಳಿಗೆ ಬರೆದುಕೊಟ್ಟು ವಿವರಿಸಿದೆ: "ಸ್ನಾಯುವಿನೊಳಗ ಮಯೋಸಿನ್ ಅಂತ ಇರ್ತಾವ್ರಿ. ಮಂದಿ ಹಗ್ಗ ಜಗ್ಗಿದಂಗ ಅವು ಜಗ್ಗಿ ಹೃದಯ ಹಿಂಡಸ್ತಾವ. ನಿಮ್ಮ ಎದ್ಯಾಗ ಭಾಳ ಮಂದಿ ಒಮ್ಮೆಗೇ ಜಗ್ಗಾಕತ್ತಾರ. ಈ ಗುಳಿಗಿ ಅದ್ರಾಗ ಸ್ವಲ್ಪ ಮಂದೀನ ಕುಂದ್ರಸ್ತದ."

ಸಾಹುಕಾರರು ಹೌಹಾರಿದರು. "ಮಿಲ್ಲಿನ್ಯಾಗ ಮೂಟಿ ಹೊರೋ ಹಮಾಲರು ಕುಂತ್ರ ನಾ ಒದರಿ ಎಬ್ಬಸ್ತೀನಿ. ಎದ್ಯಾಗಿನ ಹಮಾಲರಿಗೆ ನಾನೇ ಗುಳಿಗಿ ನುಂಗಿ ರಜಾ ಕೊಡಬೇಕೇನ್ರಿ?"

ಫಸ್ಟ್ ಕ್ಲಾಸು

ಈ ಗುಳಿಗೆಗೆ ಕಾವಲು ಬೇಕು. ಹಿಂಡುವ ಬಲ ವಿಪರೀತ ತಗ್ಗಿದರೆ ಹೃದಯವೇ ಸೋತುಬಿಡುತ್ತದೆ. ಅದಕ್ಕೇ ಆಗಾಗ ಎಕೋ ಮಾಡಿ, ಹೃದಯ ಎಷ್ಟು ಪರ್ಸೆಂಟ್ ರಕ್ತ ತಳ್ಳುತ್ತಿದೆ ಅಂತ ನೋಡುತ್ತೇವೆ. ಐವತ್ತರ ಕೆಳಗಿಳಿದರೆ ಗುಳಿಗೆ ಬಂದ್. ಸಾಹುಕಾರರದು ಎಪ್ಪತ್ತೈದರಿಂದ ಅರವತ್ತೆರಡಕ್ಕೆ ಬಂದಿತ್ತು. ಅವರು ಮೆಟ್ಟಿಲು ಸರಸರ ಹತ್ತಿ ಬಂದಿದ್ದರು. ನನಗೆ ಖುಷಿಯೋ ಖುಷಿ.

ಹೆಂಡತಿಯ ಮುಖ ಮಾತ್ರ ಸಪ್ಪಗಾಯಿತು. "ಎಸ್ಸೆಸ್ಸೆಲ್ಸಿ ಅಂತೂ ದಾಟಲಿಲ್ಲ ಇವ್ರು. ಎದಿಯಾಗರ ಡಿಸ್ಟಿಂಕ್ಷನ್ ಇತ್ತು. ಅದನ್ನೂ ಫಸ್ಟ್ ಕ್ಲಾಸಿಗೆ ಇಳಿಸಿದ್ರಲ್ರೀ!"

ಡಬ್ಬಿ

ಮೊನ್ನೆ ಸಾಹುಕಾರರು ಹೆಂಡತಿಯೊಂದಿಗೆ ಬಂದವರೇ ಹೆಮ್ಮೆಯಿಂದ ಹೇಳಿದರು: "ಗುಳಿಗಿ ಭಾಳ ಛಲೋ ಅವ ನೋಡ್ರಿ. ದೇವದುರ್ಗದಾಗಿನ ನಮ್ಮ ಅಕ್ಕಗೂ ಎದಿ ಜಡ್ಡು. ಅದಕ್ಕ ಸ್ಟೀಲ್ ಡಬ್ಬ್ಯಾಗ ಒಂದಿಷ್ಟು ಹಾಕಿ ಬಸ್ಸಿನ ಡ್ರೈವರ್ ಕೈಲೇ ಕಳಿಸೀನಿ."

ಆ ಅಕ್ಕನೂ ನನ್ನ ರೋಗಿಯೇ. ಅವರ ಹೃದಯ ಮೊದಲೇ ಸೋತಿದೆ. ಅಲ್ಲಿ ಜಗ್ಗುವವರೇ ಕಡಿಮೆ. ಇದ್ದವರನ್ನೂ ಕೂರಿಸಿದರೆ ಜೀವಕ್ಕೇ ಕುತ್ತು!

ಕೂಡಲೇ ಅಕ್ಕನಿಗೆ ಫೋನ್ ಹಚ್ಚಿದೆ. "ಯವ್ವಾ, ತಮ್ಮ ಕಳಿಸಿದ ಗುಳಿಗಿ ನುಂಗೀಯೇನು?"

"ಇನ್ನೂ ಇಲ್ಲ ತಂಗಿ. ಹೊಸಾ ಔಷಧ ಸೋಮವಾರ ಶುರು ಮಾಡೋಣಂತ ದೇವರ ಮುಂದ ಇಟ್ಟೀನಿ."

ಉಸಿರು ಬಂತು. "ಅವನ್ನ ಮುಟ್ಟಬ್ಯಾಡ. ನಿನ್ನ ಹಳೀ ಗುಳಿಗೀನೇ ತಗೋ."

"ಅವೀಗ ನನ್ನ ಹತ್ರ ಎಲ್ಲಿ ಅವ? ಡಬ್ಬಿ ಖಾಲಿ ಹ್ಯಾಂಗ ವಾಪಸ್ ಕಳಿಸಲಿ? ಪಾಪ, ಪ್ರೀತೀಲೇ ಕಳಿಸ್ಯಾನಂತ ನನ್ನವನ್ನೆಲ್ಲ ತುಂಬಿ ಕಳಿಸೀನಿ."

ಮತ್ತೆ ಉಸಿರು ಹೋಯಿತು. ಆಕೆಯವು ಹಿಂಡುವ ಬಲ ಹೆಚ್ಚಿಸುವ ಗುಳಿಗೆ. ಸಾಹುಕಾರರ ಎದೆಗೆ ಬಿದ್ದರೆ ಇಕ್ಕಟ್ಟಾದ ದಾರಿ ಇನ್ನೂ ಇಕ್ಕಟ್ಟು!

"ತಗೊಂಡ್ರೇನ್ರೀ ಸಾಹುಕಾರ್ರೇ?" ಎಂದು ಕಿರುಚಿಯೇಬಿಟ್ಟೆ.

"ಇಲ್ರೀ. ಬಸ್ ಸ್ಟ್ಯಾಂಡಿನಾಗ ಡಬ್ಬಿ ಇಸ್ಕೊಂಡು ನೆಟ್ಟಗ ಇಲ್ಲೇ ಬಂದೀನಿ." ಚೀಲದಿಂದ ಡಬ್ಬಿ ತೆಗೆದು ಟೇಬಲ್ ಮೇಲಿಟ್ಟರು.

ಗುಳಿಗೆಯನ್ನೆಲ್ಲ ಕಸಿದುಕೊಂಡೆ. ಅಕ್ಕನಿಗೆ ಅವರ ಗುಳಿಗೆ ಅಂದೇ ಕೊಡಿಸಲು ದೇವದುರ್ಗದ ಔಷಧಿ ಅಂಗಡಿಗೆ ಫೋನ್ ಮಾಡಿದೆ. ಯಾರ ಗುಳಿಗೆ ಯಾರೂ ನುಂಗಬಾರದೆಂದು ಗಂಟಲು ಹರಿಯುವ ಹಾಗೆ ಹೇಳಿದೆ. ಗಂಡ ಹೆಂಡತಿ ತಲೆತಗ್ಗಿಸಿ ಕೇಳಿದರು. ಆ ಡಬ್ಬಿಯನ್ನು ಅವರ ಕೈಗೆ ಕೊಟ್ಟೆ.

ಹೆಂಡತಿ ಮುಚ್ಚಳ ತೆಗೆದು ನೋಡಿ ಸಂಕೋಚದಿಂದ ಅಂದರು: "ಮೇಡಂ, ಖಾಲಿ ಡಬ್ಬಿ ಹ್ಯಾಂಗ ಒಯ್ಯಲ್ರೀ? ಏನರ ಎರಡು ತಾಕತ್ತಿನ ಗುಳಿಗಿ ಹಾಕಿ ಕೊಡ್ರಿ..."