ಪರದೆ ನಿಲ್ಲಿಸುವ ವೈಫೈ ಕಾರ್ಡ್ ಮಹಾಶಯರ ಸನ್ನಿಧಿಗೆ

ನನ್ನ ಹಳೆಯ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ, ಬ್ಯಾಟರಿಯ ಪಕ್ಕದಲ್ಲಿ, ಎರಡು ಸಣ್ಣ ಸ್ಕ್ರೂಗಳ ಆಧಾರದ ಮೇಲೆ ವಿರಾಜಮಾನರಾಗಿರುವ ಮಾನ್ಯ ವೈಫೈ ಕಾರ್ಡ್ ಅವರಿಗೆ, ಅದೇ ಯಂತ್ರದ ಎದುರು ಒಂದು ಅಲುಗಾಡುವ ಕುರ್ಚಿಯ ಆಧಾರದ ಮೇಲೆ ಕುಳಿತವಳ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಬರೀ ಭಾವಿಸುತ್ತೇನೆ, ಏಕೆಂದರೆ ತಮ್ಮ ಕ್ಷೇಮಸಮಾಚಾರವನ್ನು ಕಪ್ಪು ಪರದೆಯ ಮೇಲೆ ಆಜ್ಞೆ ಬರೆದು ಕೇಳಿದಾಗಲೆಲ್ಲ ಅಂಥ ಸಾಧನ ಇಲ್ಲಿ ಇಲ್ಲವೇ ಇಲ್ಲ ಎಂಬ ಉತ್ತರ ಬಂದಿದೆ, ಉತ್ತರ ಬಂದ ಎರಡೇ ನಿಮಿಷಕ್ಕೆ ತಾವು ಏನೂ ಆಗದವರ ಹಾಗೆ ಮತ್ತೆ ಪ್ರತ್ಯಕ್ಷರಾಗಿದ್ದೀರಿ.

ಮಾನ್ಯರೇ, ನಾನು ಸ್ಪೀಚ್ ಥೆರಪಿಸ್ಟ್. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರ ಎದುರು ಕುಳಿತು ಒಂದೊಂದೇ ಪದವನ್ನು ಅವರ ಬಾಯಿಗೆ ಮರಳಿ ತರುವುದು ನನ್ನ ಉದ್ಯೋಗ. ಈ ಉದ್ಯೋಗದಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದೇ: ರೋಗಿ ಪದ ಹುಡುಕುತ್ತಿರುವಾಗ ನಾವು ನಡುವೆ ಬಾಯಿ ಹಾಕಬಾರದು, ಪದವನ್ನು ಎತ್ತಿಕೊಡಬಾರದು, ಗಡಿಯಾರ ನೋಡಬಾರದು, ಮುಖದಲ್ಲಿ ಸಣ್ಣ ನಗೆ ಇಟ್ಟುಕೊಂಡು ಕಾಯಬೇಕು. ಹದಿನೆಂಟು ವರ್ಷ ಕಾದು ಕಾದು ನನ್ನ ತಾಳ್ಮೆ ಎಷ್ಟು ಬೆಳೆದಿದೆಯೆಂದರೆ, ಮನೆಯಲ್ಲಿ ಮಗಳು ಸುಳ್ಳು ಹೇಳಲು ತಡವರಿಸಿದರೂ ನಾನು ನಗುನಗುತ್ತ ಕಾಯುತ್ತೇನೆ, ಅವಳೇ ಸೋತು ನಿಜ ಹೇಳುತ್ತಾಳೆ. ಇಂಥವಳ ಕೈಗೆ ಸಿಕ್ಕಿದ್ದರಿಂದಲೇ ತಾವು ಇನ್ನೂ ಲ್ಯಾಪ್‌ಟಾಪಿನಲ್ಲಿದ್ದೀರಿ, ಗುಜರಿಯಲ್ಲಿಲ್ಲ ಎಂಬುದನ್ನು ವಿನಯಪೂರ್ವಕ ಜ್ಞಾಪಿಸುತ್ತೇನೆ.

ಹನ್ನೊಂದು ವರ್ಷದ ಈ ಯಂತ್ರಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟವರು ನನ್ನ ಅಕ್ಕನ ಗಂಡ. "ಇದನ್ನ ಹಾಕಿದ್ರೆ ಇನ್ನು ಹತ್ತು ವರ್ಷ ಯೋಚ್ನೆ ಇಲ್ಲ ಕಣಮ್ಮ" ಎಂದು ಭರವಸೆ ಕೊಟ್ಟು ಹೋದ ಭಾವ, ಮರುವಾರದಿಂದ ಪ್ರತಿ ಭಾನುವಾರ ತಮ್ಮ ಸೇವೆಗೆಂದು ಬರುತ್ತಿದ್ದಾರೆ, ಬಂದವರು ಊಟ ಮುಗಿಸಿಯೇ ಏಳುತ್ತಾರೆ. ಮೊದಲನೆಯ ಭಾನುವಾರ ತಪ್ಪು ರೌಟರಿನದು ಎಂದರು. ಎರಡನೆಯ ಭಾನುವಾರ ಗೋಡೆಯದು ಎಂದರು. ಮೂರನೆಯ ಭಾನುವಾರ ತಮ್ಮನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಹೊಸದಾಗಿ ಹಾಕಬೇಕೆಂದು ಪತ್ತೆಹಚ್ಚಿದರು. ಅದು ಸಿಗುವುದು ಇಂಟರ್ನೆಟ್ಟಿನಲ್ಲಿ, ಇಂಟರ್ನೆಟ್ ಬೇಕೆಂದರೆ ತಾವು ಕೆಲಸ ಮಾಡಬೇಕು, ತಾವು ಕೆಲಸ ಮಾಡಬೇಕೆಂದರೆ ಅದೇ ಡ್ರೈವರ್ ಬೇಕು! ಇಷ್ಟು ಭದ್ರವಾದ ಕೋಟೆಯನ್ನು ಕಟ್ಟಿಕೊಂಡು ಒಳಗೆ ಕುಳಿತಿರುವ ತಮ್ಮ ದೂರದೃಷ್ಟಿಗೆ ನಾನು ತಲೆಬಾಗಿದೆ.

ತಮ್ಮ ಪ್ರತಿಭೆ ನಿಜವಾಗಿ ಬೆಳಗುವುದು ಪರದೆಯ ವಿಷಯದಲ್ಲಿ. ಬೇರೆಯವರ ಕಾರ್ಡುಗಳು ಕೈಕೊಟ್ಟರೆ ಸಂಪರ್ಕ ಕಡಿದುಹೋಗುತ್ತದೆ, ಅಷ್ಟೆ. ತಾವು ಹಾಗಲ್ಲ, ಎಂಟು ನಿಮಿಷ ದುಡಿದು ತಾವು ಬೀಳುವಾಗ ಪರದೆ, ಕೀಬೋರ್ಡು, ಮೌಸಿನ ಬಾಣ ಎಲ್ಲರ ಕೊರಳಪಟ್ಟಿ ಹಿಡಿದುಕೊಂಡೇ ಬೀಳುತ್ತೀರಿ. ಲಿನಕ್ಸ್ ಬಳಕೆದಾರರ ಫೋರಂನಲ್ಲಿ ಈ ಸಾಹಸವನ್ನು ವರ್ಣಿಸಿ ಸಹಾಯ ಬೇಡಿದೆ. ಅಲ್ಲಿ ಪೆಂಗ್ವಿನ್ ತಾತ ಎಂಬ ಹೆಸರಿನಲ್ಲಿ ಓಡಾಡುವ ಹಿರಿಯರು ಪರದೆ ನಿಂತಾಗ ಯಂತ್ರ ಬರೆದ ದಾಖಲೆ ಕಳಿಸಿ ಎಂದರು. ನಿಂತ ಪರದೆಯಿಂದ ಏನನ್ನು ಕಳಿಸಲಿ? ಫೋನಿನಲ್ಲಿ ಫೋಟೋ ತೆಗೆದು ಹಾಕಿದೆ. "ಫೋಟೋ ಹಾಕೋದು ನಿಯಮಕ್ಕೆ ವಿರುದ್ಧ, ಅಕ್ಷರದಲ್ಲಿ ಹಾಕಿ. ಅಂದಹಾಗೆ ನನ್ನ ಮಷೀನಲ್ಲಿ ಎಲ್ಲ ಸರಿಯಾಗೇ ಇದೆಯಲ್ಲ" ಎಂದು ಬರೆದು, ಸಮಸ್ಯೆ ಪರಿಹಾರವಾಗಿದೆ ಎಂಬ ಹಸಿರು ಗುರುತನ್ನು ಅವರೇ ಹಾಕಿ ಹೋದರು. ಅವರ ಮಷೀನು ಸರಿಯಿದೆಯೆಂಬ ಸಂತೋಷದಲ್ಲಿ ನಾನು ಆ ದಿನ ಕಳೆದೆ.

ಇಷ್ಟರವರೆಗಿನದನ್ನೆಲ್ಲ ನಾನು ನುಂಗಿಕೊಂಡಿದ್ದೆ, ಮಾನ್ಯರೇ. ಈಗ ಹರಾಜಿನವರ ವಿಷಯಕ್ಕೆ ಬರುತ್ತೇನೆ.

ಹರಾಜಿನವರು ಎಂದರೆ ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಕೂಗಿದವರು, ಮೈಕು ಮುಟ್ಟದೆ ಇಡೀ ಅಂಗಳಕ್ಕೆ ಕೇಳುವ ಗಂಟಲಿನವರು. ಐದು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದ ಮೇಲೆ ಅವರ ಬಾಯಲ್ಲಿ ಉಳಿದದ್ದು "ಹ್ಞಾ" ಒಂದೇ. ಮಾತು ಮರಳುವುದಿದ್ದರೆ ಹೆಚ್ಚಾಗಿ ಈ ಮೊದಲ ತಿಂಗಳುಗಳಲ್ಲೇ ಮರಳಬೇಕು, ತಡವಾದಷ್ಟೂ ಕಷ್ಟ. ಮನೆಯಿಂದ ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು, ಅವರು ಮನೆಯ ಮೆಟ್ಟಿಲು ಸಹ ಇಳಿಯಲು ಒಪ್ಪುತ್ತಿರಲಿಲ್ಲ. ಆದ್ದರಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಹತ್ತಕ್ಕೆ, ಆಸ್ಪತ್ರೆಯ ನನ್ನ ಕೋಣೆಯಿಂದ ಈ ಲ್ಯಾಪ್‌ಟಾಪಿನ ಮೂಲಕವೇ ವಿಡಿಯೋ ಕರೆಯಲ್ಲಿ ನಮ್ಮ ಪಾಠ. ಫೋನಿನ ಅಂಗೈಯಗಲದಲ್ಲಿ ತುಟಿಯ ಬಲಬದಿ ಎಷ್ಟು ಅಲ್ಲಾಡಿತು ಎಂಬುದು ಕಾಣುವುದಿಲ್ಲ, ಆಸ್ಪತ್ರೆಯ ಕಂಪ್ಯೂಟರಿಗೆ ಕ್ಯಾಮೆರಾ ಇಲ್ಲ. ಹೀಗೆ ಒಬ್ಬ ಮನುಷ್ಯನ ಮಾತು ತಮ್ಮನ್ನು ದಾಟಿಕೊಂಡೇ ಬರಬೇಕಾಗಿತ್ತು.

ಕಳೆದ ಭಾನುವಾರ ಭಾವ ತಮ್ಮೊಳಗಿನ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ಬಂದ್ ಮಾಡಿ, ಇದೇ ರೋಗದ ಮೂಲ, ಇನ್ನು ನಿಶ್ಚಿಂತೆ ಎಂದು ಸಾರಿದ್ದರು. ಗುರುವಾರ ಪಾಠ ಶುರುವಾಯಿತು. ಬಾಗಿಲಿನ ಚಿತ್ರ ತೋರಿಸಿ, ಬಾಯಿ ಹೇಗೆ ತೆರೆಯಬೇಕೆಂದು ಮಾಡಿ ತೋರಿಸಿ, ಕೈ ಕಟ್ಟಿಕೊಂಡು ಕಾಯತೊಡಗಿದೆ. ಹರಾಜಿನವರು ಕಣ್ಣು ಕೆಳಗೆ ಹಾಕಿ ಹುಡುಕುತ್ತಿದ್ದರು. ಹುಡುಕುತ್ತಲೇ ಇದ್ದರು. ಹುಬ್ಬಿನ ಗಂಟು ಕೂಡ ಸಡಿಲವಾಗದಷ್ಟು ಏಕಾಗ್ರತೆಯನ್ನು ನಾನು ಯಾವ ರೋಗಿಯಲ್ಲೂ ಕಂಡಿರಲಿಲ್ಲ, ಇವತ್ತು ಪದ ಬಂದೇ ಬರುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಬೇರೆ ಯಾರೇ ಆಗಿದ್ದರೂ ಅರ್ಧ ನಿಮಿಷದಲ್ಲಿ ಪರದೆ ಹ್ಯಾಂಗ್ ಆಗಿದೆ ಎಂದು ತಿಳಿಯುತ್ತಿದ್ದರು. ಹದಿನೆಂಟು ವರ್ಷದ ಅನುಭವ ಇರುವ ನಾನು ನಾಲ್ಕು ನಿಮಿಷ, ತಾವು ಕಲ್ಲು ಮಾಡಿಟ್ಟ ಚಿತ್ರಕ್ಕೆ ಪ್ರೋತ್ಸಾಹದ ನಗೆ ಬೀರುತ್ತ ಕುಳಿತೆ.

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು ಹಿರಿಯ ನರ್ಸು ಗಾಲಿಕುರ್ಚಿಯೊಂದಿಗೆ ನುಗ್ಗಿದರು. ರೋಗಿ ಪದ ಹುಡುಕುವಾಗ ಗದ್ದಲ ಮಾಡುತ್ತಾರಲ್ಲ ಎಂದು ಸಿಟ್ಟಾಗಿ ನಾನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದೆ. "ಅಯ್ಯೋ, ಮಾತೇ ಹೋಗಿಬಿಟ್ಟಿದೆ" ಎಂದು ಅವರು ನನ್ನನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿದರು. ಮಾತಿದೆ ಎಂದು ಮಾತಾಡಿ ನಂಬಿಸುವಷ್ಟರಲ್ಲಿ ಓಣಿಯ ತುದಿ ತಲುಪಿದ್ದೆವು.

ನಡೆದದ್ದನ್ನು ಹೇಳಿದವರು ಹರಾಜಿನವರ ಹೆಂಡತಿ, ಫೋನಿನಲ್ಲಿ. ಅತ್ತ ಅವರ ಪರದೆಯ ಮೇಲೆ ತಾವು ನನ್ನ ಮುಖವನ್ನೂ ನಿಲ್ಲಿಸಿದ್ದಿರಿ, ಅದೂ ಬಾಯಿ ಹೇಗೆ ತೆರೆಯಬೇಕೆಂದು ತೋರಿಸುತ್ತಿದ್ದ ಗಳಿಗೆಯಲ್ಲಿ: ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡು, ಒಂದು ಕಣ್ಣು ಅರ್ಧ ಮುಚ್ಚಿಕೊಂಡು. ಆ ಮುಖ ಏನೆಂದು ಹರಾಜಿನವರಿಗೆ ಚೆನ್ನಾಗಿ ಗೊತ್ತಿತ್ತು, ಅವರು ಅದನ್ನು ಐದು ತಿಂಗಳಿಂದ ಕನ್ನಡಿಯಲ್ಲಿ ನೋಡುತ್ತ ಬಂದವರು. ಸ್ವಲ್ಪ ಹೊತ್ತು ನೋಡಿ, ಎದ್ದು ನಿಂತು, ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಿದರಂತೆ. "ಬೇಗ ಬಾ. ಮೇಡಂಗೂ ಹೊಡೀತು. ಆಸ್ಪತ್ರೆಗೆ ಫೋನ್ ಮಾಡು." ಮೂರು ಮನೆ ಆಚೆಗೂ ಕೇಳಿಸಿತಂತೆ. "ನಾನು ನಿಮ್ಮನ್ನ ನೋಡಲಾ, ಇವ್ರು ಮಾತಾಡಿದ್ದನ್ನ ನೋಡಲಾ, ಕೈಕಾಲೇ ಆಡ್ಲಿಲ್ಲ ಮೇಡಂ" ಎಂದು ಆಕೆ ಅತ್ತರು, ಗಾಲಿಕುರ್ಚಿಯಲ್ಲಿ ಕುಳಿತು ನಾನೂ ಅತ್ತೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಐದು ತಿಂಗಳು ನಾನು ಕಾದಿದ್ದ ಆ ಮೂರು ವಾಕ್ಯಗಳು ಇಡೀ ಕೇರಿಗೆ ಕೇಳಿದವು, ನನಗೊಬ್ಬಳಿಗೆ ಕೇಳಲಿಲ್ಲ. ಅವು ತಮ್ಮ ಬಾಗಿಲವರೆಗೆ ಬಂದು ಅಲ್ಲೇ ಬಿದ್ದಿವೆ. ದಯವಿಟ್ಟು ಹುಡುಕಿ, ಧೂಳು ಒರೆಸಿ, ಅದೇ ಗಂಟಲಿನಲ್ಲಿ, ಅದೇ ಗಾಬರಿಯೊಂದಿಗೆ ಮೂರು ದಿನದೊಳಗೆ ತಲುಪಿಸಿಕೊಡಬೇಕು. ಪರದೆ ನಿಂತದ್ದರಿಂದಲೇ ಅವರು ಮಾತಾಡಿದರಲ್ಲ, ಕೀರ್ತಿ ನನಗೇ ಸಲ್ಲಬೇಕಲ್ಲ ಎಂದು ತಾವು ವಾದಿಸಬಹುದು. ಎಡವಿದವನನ್ನು ಹಿಡಿಯಲು ಜನ ಓಡಿ ಬಂದರೆ ಆ ಕೀರ್ತಿಯನ್ನು ರಸ್ತೆಯ ಗುಂಡಿಗೆ ಕೊಡುವವಳು ನಾನಲ್ಲ.

ಶುಕ್ರವಾರ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಫೋನಿನಲ್ಲಿ ನಾನು ಕೊಟ್ಟ ಭರವಸೆಯನ್ನು ನಂಬದೆ, ಹೆಂಡತಿಯ ಭುಜ ಹಿಡಿದು, ಎರಡು ಬಸ್ಸು ಬದಲಿಸಿ, ಹರಾಜಿನವರು ಬಂದಿದ್ದರು. ಎದುರು ಕುಳಿತು, ನೆಟ್ಟಗಿದೆಯೇ ಎಂದು ನನ್ನ ಬಾಯನ್ನೇ ನೋಡಿದರು. ಪದ ಹುಡುಕಿದರು, ನಾನು ಕಾದೆ. "ನಗಿ" ಎಂದರು. ನಗಲು ಹೋದೆ, ಅಳು ಬಂದು ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಅವರು ನರ್ಸನ್ನು ಕೂಗಿದರು. ಈ ಸಲ ನನಗೂ ಕೇಳಿಸಿತು.

ಎಂಟೆಂಟು ನಿಮಿಷ ಮಾತ್ರ ತಮ್ಮ ವಿಶ್ವಾಸಿಯಾಗಿರುವ,
ಲ್ಯಾಪ್‌ಟಾಪಿನ ಒಡತಿ

ಮರೆತ ಮಾತು: ಮುಂದಿನ ಭಾನುವಾರ ಭಾವ ಸ್ಕ್ರೂಡ್ರೈವರಿನೊಂದಿಗೆ ತಮ್ಮ ದರ್ಶನಕ್ಕೆ ಬರುತ್ತಾರೆ. ತಮ್ಮ ಸ್ಥಾನಕ್ಕೆ ಹೊರಗಿನಿಂದ ಚುಚ್ಚುವ ಉಗುರಿನಷ್ಟು ದೊಡ್ಡ ವೈಫೈ ಅಡಾಪ್ಟರ್ ಒಂದು ಬಂದಿದೆ. ಅದು ನಿನ್ನೆಯಿಂದ ಒಮ್ಮೆಯೂ ನಿಲ್ಲದೆ ದುಡಿಯುತ್ತಿದೆ, ಪಾಪ, ಇನ್ನೂ ಹೊಸದು, ತಮ್ಮಷ್ಟು ಅನುಭವವಿಲ್ಲ.