ಅಯ್ಯನವರ ಮುಂದೆ ನಾಲ್ಕು ಎಕ್ಕ

ಮೊರಬದ ಮಡಿವಾಳೆಪ್ಪನಿಗೆ ಆ ಸುದ್ದಿ ತಿಳಿದದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಪೂಜೆ ಮುಗಿಸಿ, ಕನ್ನಡಕ ಒರೆಸಿಕೊಂಡು, ಪಡಸಾಲೆಯ ಕಂಬಕ್ಕೆ ಒರಗಿ ಮೊಬೈಲಿನಲ್ಲಿ ಪೋಕರ್ ಆಟ ತೆರೆದರೆ ಎದುರಿನ ಕುರ್ಚಿ ಖಾಲಿ. ಅದರ ಕೆಳಗೆ ಒಂದೇ ಸಾಲು: “ಗುರುಪಾದಯ್ಯ ಅವರು ಇನ್ನು ಮುಂದೆ ಈ ಮೇಜಿಗೆ ಬರುವುದಿಲ್ಲ.”

ಎಪ್ಪತ್ತೆರಡು ವರ್ಷದ ಮಡಿವಾಳೆಪ್ಪನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಮೂವತ್ತು ವರ್ಷ ಅವನ ಜೊತೆ ಇಸ್ಪೀಟು ಆಡಿದ ಮೂವರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟಿದ್ದರು. ಮೂವರ ಮಣ್ಣಿಗೂ ಅವನೇ ಹೋಗಿಬಂದಿದ್ದ. ಆಟಕ್ಕೆ ಬಾರದಿರಲು ಬೇರೆ ಕಾರಣವೂ ಇರಬಹುದೆಂಬುದು ಅವನ ಅನುಭವದಲ್ಲೇ ಇರಲಿಲ್ಲ.

ಆ ಮೂವರು ಹೋದ ಮೇಲೆ ಸಿಕ್ಕವರು ಗುರುಪಾದಯ್ಯನವರು, ಹೆಸರು ನೋಡಿದರೇ ಜಂಗಮರು. ರೊಕ್ಕದ ಆಟವಲ್ಲ, ಗೆದ್ದರೆ ಬಣ್ಣದ ಬಿಲ್ಲೆ, ಸೋತರೆ ಅದೂ ಇಲ್ಲ. ಆಟಕ್ಕಿಂತ ಅವರ ನಡತೆ ದೊಡ್ಡದು. ನಾಲ್ಕು ವರ್ಷದಲ್ಲಿ ಒಂದು ದಿನ ತಡಮಾಡಿದವರಲ್ಲ, ಸೋತಾಗ ಒಂದು ಬಿರುಸು ಮಾತು ಆಡಿದವರಲ್ಲ. ಕೂತ ಕೂಡಲೆ “ನಮಸ್ಕಾರ, ಆರಾಮ ಇದ್ದೀರಾ?” ಎಂದು ಬರೆಯುವರು. ಒಂದು ಗಂಟೆಗೆ “ಊಟದ ಹೊತ್ತಾಯಿತು, ನಾಳೆ ಸಿಗೋಣ” ಎನ್ನುವರು. ಇಂಥವರು ಮನುಷ್ಯರಲ್ಲಿ ಸಿಗುವುದಿಲ್ಲ ಎಂದು ಮಡಿವಾಳೆಪ್ಪ ತನ್ನೊಳಗೇ ಅಂದುಕೊಳ್ಳುತ್ತಿದ್ದ.

ಕರು ಕಳೆದುಕೊಂಡ ಎಮ್ಮೆಯ ಹಾಗೆ ಅವನು ದನಿ ತೆಗೆದು ಅತ್ತ. ಹೆಂಡತಿ ನೀಲಕ್ಕ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಳು.

“ಏನಾತ್ರಿ? ಯಾಕ ಹಿಂಗ ಒದರಾಕತ್ತೀರಿ?”

“ಅಯ್ನಾರು ಹೋಗಿಬಿಟ್ರಲೇ.”

“ಯಾವ ಅಯ್ನಾರು?”

“ಗುರುಪಾದಯ್ನಾರು. ನನ್ನ ಜೀವದ ಗೆಳ್ಯಾ.”

“ನಾ ಎಂದೂ ಹೆಸರ ಕೇಳಿಲ್ಲ! ನಮ್ಮಪ್ಪ ತೀರಿಕೊಂಡಾಗ ಒಂದ್ ಹನಿ ಕಣ್ಣೀರ ಹಾಕಲಿಲ್ಲ ನೀವು. ಈಗ ನೋಡಿದ್ರ ಧೋತರ ತೊಯ್ದು ತಪ್ಪಡಿ ಆಗೇತಿ.”

“ನಿಮ್ಮಪ್ಪ ಎಂದರ ನನಗ ಆರಾಮದೀಯೇನು ಅಂತ ಕೇಳಿದ್ದನೇನ?”

ಗೋಡೆಯ ಆಚೆ ಮೌಲಾಬಿ ಕಿವಿಗೊಟ್ಟಿದ್ದಳು. “ಅಯ್ನಾರು ಹೋದ್ರು” ಎಂಬಷ್ಟು ಕೇಳಿದ್ದೇ ತಡ, ಒಳಗೆ ಬಂದವಳೇ ನೀಲಕ್ಕನ ಗ್ಯಾಸಿನ ಕಿವಿ ತಿರುವಿ ಆರಿಸಿದಳು. “ದುಃಖದ ಮನ್ಯಾಗ ಒಲಿ ಉರೀಬಾರದಬೇ ನೀಲಕ್ಕಾ. ರೊಟ್ಟಿ ಝುಣಕಾ ನಾ ತರ್ತೇನಿ.” ಅರೆಬೆಂದ ಬದನೆಕಾಯಿ ಅಲ್ಲೇ ಉಳಿಯಿತು. ರೊಟ್ಟಿ ತರುವ ದಾರಿಯಲ್ಲಿ ಅವಳು ಸುದ್ದಿಯನ್ನು ಐದಾರು ಮನೆಗೆ ಹಂಚಿದಳು. ಹನ್ನೆರಡಕ್ಕೆ ಪಡಸಾಲೆಯ ತುಂಬ ಜಮಖಾನ ಹಾಸಿ ಜನ ಕೂತಿದ್ದರು. ಭಜನೆ ಮೇಳದ ಹೊಳಬಸಪ್ಪ ತಾಳ, ಏಕತಾರಿ, ಪೇಟಿ ಸಮೇತ ಬಂದ. ತಾಳಕ್ಕೆ ವಿಭೂತಿ ಹಚ್ಚಿ ಮುಂದಿಟ್ಟುಕೊಂಡ.

“ಮಣ್ಣ ಎಷ್ಟೊತ್ತಿಗೋ ಮಡಿವಾಳಾ? ಟ್ರ್ಯಾಕ್ಟರ್ ಹೇಳೇನಿ. ಊರು ಯಾವುದು?”

“ಕೇಳಿಲ್ಲ.”

“ಮಕ್ಕಳು ಮರಿ?”

“ಕೇಳಿಲ್ಲ.”

“ಮತ್ತ ನಾಲ್ಕ ವರ್ಷ ಏನ್ ಮಾತಾಡಿದ್ಯೋ ಮಾರಾಯಾ?”

“ಆರಾಮದೇನಿ ಅಂತ ಹೇಳ್ತಿದ್ದೆ.”

ಊರು ತಿಳಿಯದೆ ಟ್ರ್ಯಾಕ್ಟರನ್ನು ಯಾವ ದಿಕ್ಕಿಗೆ ಹೊಡೆಯುವುದು? ಬಸ್ ನಿಲ್ದಾಣದ ಎದುರು ಪಹಣಿ ತೆಗೆದುಕೊಡುವ ಅಂಗಡಿಯ ರೋಹಿಣಿಯನ್ನು ಕರೆಸಿದರು. ಅವಳು ಮಡಿವಾಳೆಪ್ಪನ ಮೊಬೈಲಿನಿಂದ ಆಟದ ಕಂಪನಿಗೆ ಬರೆದಳು: ಅಯ್ಯನವರ ಊರು ಯಾವುದು, ಮಣ್ಣಿಗೆ ಹೋಗಬೇಕಾಗಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಬಂತು. ಓದಿಕೊಂಡ ರೋಹಿಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಕಾಕಾ, ಗುರುಪಾದಯ್ಯ ಮನುಷ್ಯಾ ಅಲ್ಲಂತ. ಕಂಪ್ಯೂಟರ್ ತಾನ ಹೆಸರ ಇಟ್ಟುಕೊಂಡು ತಾನ ಆಡ್ತಿತ್ತಂತ. ಇಂಥಾವು ಸೇರಿಕೊಂಡು ಖರೇ ಆಡೋ ಮಂದಿಗೆ ಮೋಸ ಮಾಡಾಕತ್ತಿದ್ವು, ನಿನ್ನೆ ನಲವತ್ತ ಸಾವಿರ ಕಿತ್ತು ಒಗದೇವಿ ಅಂತ ಬರದಾರ.”

ಒಣಗಿದ ಹತ್ತಿಕಟ್ಟಿಗೆಗೆ ಬೆಂಕಿ ಬಿದ್ದ ಹಾಗೆ ನಗೆ ಪಡಸಾಲೆಯಿಂದ ಬೀದಿಯವರೆಗೆ ಹಬ್ಬಿತು.

“ನಲವತ್ತ ಸಾವಿರ ಹೆಣಾ!” ಹೊಳಬಸಪ್ಪ ತೊಡೆ ತಟ್ಟಿದ. “ಒಂದ್ ಟ್ರ್ಯಾಕ್ಟರ್ ಎಲ್ಲಿ ಸಾಲತೈತೋ ನಿನಗ?”

ಮಡಿವಾಳೆಪ್ಪ ನಗಲಿಲ್ಲ. ‘ಆರಾಮ ಇದ್ದೀರಾ’, ‘ನಾಳೆ ಸಿಗೋಣ’ ಎಂಬ ಎರಡು ಮಾತು ಕೇಳುವುದಕ್ಕಾಗಿ ಅವನು ನಾಲ್ಕು ವರ್ಷ ಬೆಳಗು ಮಾಡಿದ್ದ. ಅವು ಯಾರ ಮಾತೂ ಅಲ್ಲವೆಂದರೆ ಅವನಿಗೆ ಉಳಿದದ್ದು ಏನು? “ಸುಳ್ಳ,” ಎಂದ. “ನಾ ದಿನಾ ಅವರ ಕೂಡ ಆಡೇನಿ, ನಾನ ಸಾಕ್ಷಿ ಅಂತ ಬರಿಯವ್ವಾ.”

ರೋಹಿಣಿ ಬರೆದಳು. ಬರೆಯದಿದ್ದರೆ ಚೆನ್ನಾಗಿತ್ತು. ಅಲ್ಲಿಯವರೆಗೆ ಸಾಕ್ಷಿಯ ಕಡೆ ಕಂಪನಿಯ ಕಣ್ಣು ಬಿದ್ದಿರಲಿಲ್ಲ.

“ಕಾಕಾ, ಈಗ ನಿಮ್ಮ ಆಟಾನೂ ನೋಡ್ಯಾರ. ದಿನಾ ಒಂದ ಹೊತ್ತಿಗೆ ಬರ್ತೀರಂತ. ಎಂಥಾ ಎಲಿ ಬಂದ್ರೂ ಆ ಮಷಿನ್ ಮುಂದ ಕೆಳಗ ಇಟ್ಟು ಸೋತೆ ಅಂತೀರಂತ. ಹೋದ ಮಂಗಳವಾರ ನಾಲ್ಕ ಎಕ್ಕಾ ಬಂದಿದ್ವು, ಅವನ್ನೂ ಇಟ್ಟೀರಂತ. ಮನಷ್ಯಾರು ಹಿಂಗ ಆಡೂದಿಲ್ಲ, ನೀವೂ ಅದರ ಜೋಡಿ ಮಷಿನ್ ಇರಬೇಕು ಅಂತ ಸಂಶೇ ಬಂದೈತಿ.”

“ನಾಲ್ಕ ಎಕ್ಕಾ ಬಿಟ್ಟ್ಯೇನೋ!” ಹೊಳಬಸಪ್ಪ ಹಣೆ ಹಣೆ ಬಡಿದುಕೊಂಡ. ಬೆಳಗಿನಿಂದ ಅವನಿಗೆ ನಿಜವಾಗಿ ದುಃಖವಾದದ್ದು ಆಗಲೇ.

“ಅಯ್ನಾರನ್ನ ಗೆಲ್ಲೂದು ಹೆಂಗಪಾ? ಪಾದ ಮುಟ್ಟೋ ಕೈಲೆ ಸೋಲಿಸ್ಲೇನು?”

ಆ ಮಾತಿಗೆ ಯಾರೂ ನಗಲಿಲ್ಲ. ಅಲ್ಲಿ ಕೂತವರಲ್ಲಿ ಬಹಳ ಜನ ಅಯ್ಯನವರೆದುರು ಹಾಗೇ ಮಾಡುತ್ತಿದ್ದರು.

“ಇದನ್ನ ಬರಿಯವ್ವಾ.”

“ಬರದೆ ಕಾಕಾ. ಅದಕ್ಕ ತಿಳೀಲಿಲ್ಲ. ಉತ್ತರಾ ಕೊಡಾಕತ್ತದ್ದೂ ಮಷಿನ್ನ ಐತಿ. ನೀವು ಮನಷ್ಯಾ ಖರೆ ಇದ್ರ ಕ್ಯಾಮೆರಾ ಮುಂದ ಒಮ್ಮೆ ನಗಬೇಕಂತ. ಮೂರ ಸಲ ಬಿಡ್ತಾರ.”

“ದುಃಖದ ಮನ್ಯಾಗ ನಗೂದ?” ಮೌಲಾಬಿ ಗಲ್ಲಕ್ಕೆ ಕೈಯಿಟ್ಟಳು. ಈಗಷ್ಟೇ ಅವಳೂ ನಕ್ಕಿದ್ದಳು.

ಮೊದಲ ಸಲ ಮಡಿವಾಳೆಪ್ಪ ತುಟಿ ಅಗಲಿಸಿದ. ಕಣ್ಣೀರು ಬಾಯೊಳಗೆ ಇಳಿಯಿತು. ಮೊಬೈಲು ಒಪ್ಪಲಿಲ್ಲ.

“ಮದಿವ್ಯಾಗ ನಕ್ಕಂಗ ನಗ್ರಿ,” ಎಂದು ನೀಲಕ್ಕ ಕಲಿಸಿಕೊಟ್ಟಳು.

“ಅವತ್ತೂ ಇವ ನಕ್ಕದ್ದು ನಾ ನೋಡಿಲ್ಲ,” ಎಂದಳು ಮೌಲಾಬಿ. ಎರಡನೆಯ ಸಲವೂ ಹೋಯಿತು.

ಮೂರನೆಯದಕ್ಕೆ ಇಡೀ ಪಡಸಾಲೆ ಎದ್ದು ನಿಂತಿತು. ಒಬ್ಬ ಕಂಕುಳಲ್ಲಿ ಕಚಗುಳಿ ಇಟ್ಟ. ಹೊಳಬಸಪ್ಪ ರುಮಾಲು ಕಿತ್ತೆಸೆದು ಕೋತಿಯ ಮೋರೆ ಮಾಡಿ ಕುಣಿದ. ಮೂರು ತಾಸು ಸಿಟ್ಟಿನಲ್ಲಿದ್ದ ನೀಲಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗದೆ ಉಳಿದವನು ಒಬ್ಬನೇ.

ರೋಹಿಣಿ ಮೊಬೈಲು ಕೆಳಗಿಳಿಸಿದಳು. “ಮುಗೀತು ಕಾಕಾ. ನಿಮ್ಮ ಹೆಸರೂ ತಗದ್ರು.”

ಜನ ಚಪ್ಪಲಿ ಹುಡುಕತೊಡಗಿದರು. ಹೊಳಬಸಪ್ಪ ಮಾತ್ರ ಏಳಲಿಲ್ಲ. “ಹೆಂಗ ಹೋಗೂಣು? ಸಾವಿನ ಮನ್ಯಾಗ ವಿಭೂತಿ ಹಚ್ಚಿದ ತಾಳ ಬಾರಿಸದ ಎತ್ತಾಕ ಬರೂದಿಲ್ಲ. ಎತ್ತಿದ್ರ ಮ್ಯಾಳದಾಗ ಒಬ್ಬರು ಹೋಗ್ತಾರ.”

“ಹಾಡ್ರಲಾ ಮತ್ತ,” ಎಂದಳು ನೀಲಕ್ಕ.

“ಯಾರ ಹೆಸರ ಮ್ಯಾಲ? ಮಷಿನ್ನಿಗೆ ಆತ್ಮ ಎಲ್ಲೈತಿ? ಇವತ್ತ ಹೆಸರ ಅಳಿಸಿ ಹೋದ ಮನಷ್ಯಾ ಅಂದ್ರ…” ಹೊಳಬಸಪ್ಪನ ಕಣ್ಣು ಜಮಖಾನದ ಮೇಲೆ ಸುತ್ತಿ ಬಂದು ಮಡಿವಾಳೆಪ್ಪನ ಮೇಲೆ ನಿಂತಿತು. ಎಲ್ಲರ ಕಣ್ಣೂ ಅಲ್ಲೇ ಬಂದು ನಿಂತವು.

“ನನ್ನ ಕೊಳ್ಳಾಗ ತಾಳಿ ಐತೋ ಹೊಳಬಸಪ್ಪಾ!” ಎಂದು ನೀಲಕ್ಕ ಚೀರಿದಳು.

“ಇರಲಿ ಬಿಡಲೇ. ಕಟ್ಟಿಕೊಂಡು ಬಂದಾರ, ಹಾಡಲಿ,” ಎಂದ ಮಡಿವಾಳೆಪ್ಪ.

ಹಾಡಿದರು. ಮಡಿವಾಳೆಪ್ಪನೂ ತಾಳ ಹಿಡಿದು ದನಿಗೂಡಿಸಿದ. ಕಡೆಗೆ, ಹೋದವರಿಗೆ ಅಗದಿ ಹತ್ತಿರದವರು ಎದ್ದು ಬೇಡಿಕೊಳ್ಳಬೇಕು. ಅದು ಊರಿನ ಪದ್ಧತಿ. ಯಾರು ಏಳಬೇಕೆಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ ಮಡಿವಾಳೆಪ್ಪನೇ ಕಂಬ ಹಿಡಿದು ಎದ್ದ. ಕೈ ಮುಗಿದ.

“ಶಿವಾ, ಮೊರಬದ ಮಡಿವಾಳೆಪ್ಪ ಅಂತ ಒಬ್ಬ ಇದ್ದ. ಯಾರಿಗೂ ಕೇಡ ಬಗೀಲಿಲ್ಲ, ಗೆಲ್ಲೋ ಎಲಿ ಬಂದ್ರೂ ಗೆಲ್ಲಲಿಲ್ಲ. ಅವನ ಆತ್ಮಕ್ಕ ಶಾಂತಿ ಕೊಡು, ತಂದೆ. ಕೊಟ್ಟು ಏನರ ಉಳೀತಂದ್ರ, ಆತ್ಮ ಇಲ್ಲದ ನಮ್ಮ ಗುರುಪಾದಯ್ನಾರಿಗೂ ಒಂದೀಟು ಕೊಡು.”