ಲೈಲ್‌ನ ಕೋವಿಗೆ ಬೆಲೆ ಕಟ್ಟಿದ್ದು

ಲೈಲ್ ಹೌಗೆನ್‌ನ ಪಂಪ್ ಕೋವಿಗೆ ಎರಡು ಬೆಲೆಗಳಿದ್ದವು. ಬೆಳಿಗ್ಗೆ ಕೆಫೆಯಲ್ಲಿ ಗೆಳೆಯರ ಮುಂದೆ ಕಾಫಿ ಹೀರುವಾಗ ಅದು ಆರು ಸಾವಿರ ಡಾಲರಿನ ಆಸ್ತಿ. ಮಧ್ಯಾಹ್ನ ಹೆಂಡತಿ ಆರ್ಲಿಸ್ ಮುಂದೆ ಊಟಕ್ಕೆ ಕೂತಾಗ ಅದೇ ಕೋವಿ ನಾನೂರು ಡಾಲರಿನ ಚಿಲ್ಲರೆ ಸಾಮಾನು. ಎರಡೂ ಸುಳ್ಳು. ಎರಡು ವರ್ಷದಲ್ಲಿ ಅವನು ಅದರ ಮೇಲೆ ಸುರಿದದ್ದು ನಾಲ್ಕು ಸಾವಿರದ ಇನ್ನೂರು. ಈ ಸತ್ಯ ಗೊತ್ತಿದ್ದವರು ಲೈಲ್, ಕೋವಿ ರಿಪೇರಿ ಮಾಡುವ ಒಟ್ಟೊ ಮತ್ತು ಮೇಲಿರುವ ಭಗವಂತ. ಮೂವರೂ ಬಾಯಿ ಬಿಡುವವರಲ್ಲ ಎಂದು ಲೈಲ್ ನಂಬಿದ್ದ.

ಇಷ್ಟೆಲ್ಲ ಗುಟ್ಟು ಯಾಕೆ ಎಂದರೆ, ಆ ಮನೆಯಲ್ಲೊಂದು ಕಾನೂನಿತ್ತು. ಮದುವೆಯಾದ ಎರಡನೇ ವರ್ಷ ಲೈಲ್ ಹೇಳದೆ ಕೇಳದೆ ಒಂದು ದೋಣಿ ತಂದ ದಿನ ಆರ್ಲಿಸ್ ಅದನ್ನು ಜಾರಿಗೆ ತಂದಿದ್ದಳು. "ನಿನ್ನ ಆಟದ ಸಾಮಾನಿಗೆ ಎಷ್ಟು ಖರ್ಚು ಮಾಡ್ತೀಯೋ, ಅಷ್ಟೇ ದುಡ್ಡು ನನ್ನ ಕೌದಿಗೆ." ಮೂವತ್ತೆರಡು ವರ್ಷದಿಂದ ಈ ಶಾಸನಕ್ಕೆ ಒಂದು ತಿದ್ದುಪಡಿಯೂ ಆಗಿಲ್ಲ. ಅಂದಿನಿಂದ ಲೈಲ್ ಕೊಳ್ಳುವ ವಸ್ತುಗಳೆಲ್ಲ ಆಶ್ಚರ್ಯಕರವಾಗಿ ಅಗ್ಗವಾದವು. (ಇಡೀ ಸೌತ್ ಡಕೋಟದಲ್ಲಿ ಮೀನಿನ ಗಾಳಕ್ಕೆ ಅಷ್ಟು ಕಡಿಮೆ ದುಡ್ಡು ಕೊಟ್ಟ ಗಂಡಸು ಇನ್ನೊಬ್ಬನಿಲ್ಲ.) ಆರ್ಲಿಸ್ ಕಣ್ಣಿಟ್ಟಿದ್ದದ್ದು ಹನ್ನೆರಡು ಅಡಿ ಉದ್ದದ ಒಂದು ಕೌದಿ ಹೊಲಿಯುವ ಯಂತ್ರದ ಮೇಲೆ. ಬೆಲೆ ಎಂಟು ಸಾವಿರದ ಒಂಬೈನೂರು. ಅದರ ಚಿತ್ರ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡು, ಲೈಲ್ ಹಾಲು ತೆಗೆಯಲು ಹೋದಾಗಲೆಲ್ಲ ಅವನನ್ನು ದುರುಗುಟ್ಟಿ ನೋಡುತ್ತಿತ್ತು.

ಕೋವಿ ಮೊದಲು ಸಾಧು ಪ್ರಾಣಿಯೇ ಆಗಿತ್ತು. ಇಪ್ಪತ್ತರ ಪ್ರಾಯದಲ್ಲಿ, ಆ ಕಾನೂನು ಹುಟ್ಟುವ ಮುಂಚೆ, ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಇನ್ನೊಂದು ತೋಟಾ ಏರುತ್ತಿತ್ತು, ಅದೃಷ್ಟವಿದ್ದರೆ ಒಂದು ಫೆಸೆಂಟ್ ಹಕ್ಕಿ ಬೀಳುತ್ತಿತ್ತು. ಎರಡು ವರ್ಷದ ಹಿಂದೆ ಒಟ್ಟೊ ಸುಮ್ಮನಿರಲಾರದೆ, "ನಿನ್ನ ಕುತ್ತಿಗೆ ಉದ್ದ ಲೈಲ್, ಹೆಗಲಿಗೆ ಆನಿಸೋ ಈ ಮರ ಗಿಡ್ಡ" ಅಂದ. ಅಲ್ಲಿಂದ ಶುರುವಾಯಿತು ನೋಡಿ ಕೋವಿಯ ಷೋಡಶ ಸಂಸ್ಕಾರ. ಒರೆಗಾನಿನಿಂದ ಸಾವಿರದ ನಾನೂರು ಡಾಲರಿನ ಆಕ್ರೋಟ್ ಮರ ಬಂತು. ಅದನ್ನು ಎಡಗೈಯವನಾದ ಲೈಲ್‌ನ ಕೆನ್ನೆಗೆ ಒಪ್ಪುವಂತೆ ಓರೆಯಾಗಿ ಕೆತ್ತಿದ್ದಾಯಿತು. ಟ್ರಿಗರಿಗೆ ಚಿನ್ನದ ನೀರು ಕುಡಿಸಿದ್ದಾಯಿತು. ಒಂದು ಬದಿಗೆ ಹಾರುವ ಫೆಸೆಂಟಿನ ಚಿತ್ತಾರ (ಒಟ್ಟೊನ ಕಲಾಕೌಶಲದಿಂದಾಗಿ ಅದು ಕಾಳು ಜಾಸ್ತಿ ತಿಂದ ನಾಟಿ ಕೋಳಿಯಂತಿತ್ತು), ಇನ್ನೊಂದು ಬದಿಗೆ ಲೈಲ್‌ನ ಹೆಸರಿನ ಮೊದಲಕ್ಷರಗಳು. ಇಷ್ಟಾದ ಮೇಲೂ ಬೀಳುವ ಹಕ್ಕಿಗಳ ಸಂಖ್ಯೆ ಒಂದೂ ಹೆಚ್ಚಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು. ಬೇರೆಯವರ ಕಣ್ಣಲ್ಲಿ ಅದರ ಬೆಲೆ ಎಷ್ಟಿರಬಹುದು ಎಂದು ತಿಳಿಯುವ ಚಪಲದಿಂದ ಲೈಲ್ ಒಮ್ಮೆ ಎಪ್ಪತ್ತು ಮೈಲಿ ದೂರದ ಕೋವಿ ವ್ಯಾಪಾರಿಯ ಬಳಿ ಹೋದ.

"ಮುಟ್ಟದೆ ಬಿಟ್ಟಿದ್ರೆ ಮುನ್ನೂರೈವತ್ತು ಕೊಡ್ತಿದ್ದೆ" ಅಂದ ವ್ಯಾಪಾರಿ.

"ಈಗ?"

"ಈಗ ಮುನ್ನೂರು."

"ಅಲ್ಲಯ್ಯ, ಮರ ಒಂದಕ್ಕೇ ಸಾವಿರದ ನಾನೂರು!"

"ಇರಬಹುದು ಯಜಮಾನರೇ. ಆದ್ರೆ ನಾನು ಇದನ್ನ ಯಾರಿಗೆ ಮಾರಲಿ? ಎಡಗೈಯವನಾಗಿರಬೇಕು, ಕೊಕ್ಕರೆ ಕುತ್ತಿಗೆ ಇರಬೇಕು, ಹೆಸರೂ ನಿಮ್ಮದೇ ಆಗಿರಬೇಕು. ಅಂಥವನು ಸಿಕ್ಕಿದ್ರೆ ಅವನು ನೀವೇ."

ಲೈಲ್ ಆ ಮಾತನ್ನು ನುಂಗಿಕೊಂಡು ಮನೆಗೆ ಬಂದ. ಮರುದಿನ ಕೆಫೆಯಲ್ಲಿ ಕೋವಿಯ ಬೆಲೆಯನ್ನು ಐದು ಸಾವಿರದಿಂದ ಆರಕ್ಕೆ ಏರಿಸಿದ. ಅವಮಾನಕ್ಕೆ ಅವನಿಗೆ ಗೊತ್ತಿದ್ದ ಔಷಧ ಅದೊಂದೇ.

ಅಕ್ಟೋಬರ್ ಬಂತು. ಫೆಸೆಂಟ್ ಬೇಟೆ ಶುರುವಾಗುವ ಹಿಂದಿನ ಸಂಜೆ ಆ ಊರಿನ ಅಗ್ನಿಶಾಮಕದ ಶೆಡ್ಡಿನಲ್ಲಿ ಊಟ, ಹರಾಜು. ಈ ಸಲದ ಹರಾಜು ಹೊಸ ಆಂಬ್ಯುಲೆನ್ಸಿಗಾಗಿ. ಪಾದ್ರಿಯ ಹೆಂಡತಿ ಕ್ಯಾರಲ್ ವಸ್ತುಗಳನ್ನು ಬೇಡುತ್ತ ಮನೆಮನೆಗೆ ಬಂದಳು. ಆರ್ಲಿಸ್ ಒಂದು ಕೌದಿ ಕೊಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನಿನ್ನ ಕೋವಿ ಕೊಡು ಲೈಲ್."

ಲೈಲ್ ಬಾಯಲ್ಲಿದ್ದ ಕುಕೀ ಅಲ್ಲೇ ನಿಂತಿತು. "ಯಾವ ಕೋವಿ?"

"ಕೆಫೇಲಿ ಆರು ಸಾವಿರ ಬಾಳುತ್ತಲ್ಲ, ಅದು. ನಮಗೆ ಬಿದ್ದಿದ್ದು ನಾನೂರು ತಾನೆ? ನಾನೂರಲ್ಲಿ ಆರು ಸಾವಿರದ ಪುಣ್ಯ! ಇಂಥಾ ಅವಕಾಶ ಯಾರಿಗೆ ಸಿಗುತ್ತೆ?"

"ಅದು... ನನ್ನ ಕೈಗೆ ಒಗ್ಗಿದ ಕೋವಿ ಕಣೆ."

"ನಾನೂರು ಡಾಲರಿಗೆ ಇನ್ನೊಂದು ಒಗ್ಗಿಸ್ಕೊ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದಿತ್ತಾ?"

ಕ್ಯಾರಲ್ ಕಣ್ಣರಳಿಸಿ ಕಾಯುತ್ತಿದ್ದಳು. ಆರ್ಲಿಸ್ ಕೂಡ ಕಾಯುತ್ತಿದ್ದಳು. ಫ್ರಿಜ್ಜಿನ ಮೇಲಿನ ಯಂತ್ರವೂ ಕಾಯುತ್ತಿರುವಂತೆ ಲೈಲ್‌ಗೆ ಭಾಸವಾಯಿತು. ನಿಜ ಹೇಳಿದರೆ ನಾಲ್ಕು ಸಾವಿರದ ಇನ್ನೂರು ಕೌದಿಗೆ ಹೋಗುತ್ತದೆ, ಜೊತೆಗೆ ಎರಡು ವರ್ಷದ ಸುಳ್ಳಿಗೆ ಮಂಗಳಾರತಿ ಬೇರೆ. ಆಗ ಅವನಿಗೆ ವ್ಯಾಪಾರಿಯ ಮಾತು ನೆನಪಾಯಿತು. ಈ ಕೋವಿಯನ್ನು ತನ್ನ ಹೊರತು ಯಾವನೂ ಕೊಳ್ಳುವುದಿಲ್ಲ! ಹರಾಜಿನಲ್ಲಿ ಮುನ್ನೂರಕ್ಕೆ ತಾನೇ ಗುಟ್ಟಾಗಿ ಬಿಡಿಸಿಕೊಂಡರಾಯಿತು. ಕೋವಿಗೆ ಕೋವಿ, ಕೀರ್ತಿಗೆ ಕೀರ್ತಿ.

"ಆಂಬ್ಯುಲೆನ್ಸಿಗೆ ಅಂದ್ರೆ ಇಲ್ಲ ಅನ್ನೋಕಾಗುತ್ತಾ?" ಅಂದ ಲೈಲ್, ದಾನಶೂರ ಕರ್ಣನ ಧಾಟಿಯಲ್ಲಿ.

ತಾನೇ ಕೈಯೆತ್ತಿದರೆ ಮರ್ಯಾದೆ ಹೋದೀತೆಂದು ಅವನು ನಿವೃತ್ತ ದನದ ಡಾಕ್ಟರು ಗೇಲನ್‌ನನ್ನು ಗೊತ್ತುಮಾಡಿದ. ಒಪ್ಪಂದ ಸರಳವಾಗಿತ್ತು. ಲೈಲ್ ಕಿವಿ ಕೆರೆದುಕೊಂಡರೆ ಗೇಲನ್ ಕೂಗಬೇಕು.

ಶುಕ್ರವಾರ ಸಂಜೆ ಶೆಡ್ಡು ತುಂಬಿತ್ತು. ಅಗ್ನಿಶಾಮಕದ ಲಾರಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಮೇಜು ಹಾಕಿ, ಹಂದಿಮಾಂಸದ ಸ್ಯಾಂಡ್‌ವಿಚ್ಚು, ಆಲೂಗಡ್ಡೆ ಹಾಟ್‌ಡಿಶ್ಶು ಬಡಿಸುತ್ತಿದ್ದರು. ಚರ್ಚಿನ ಹೆಂಗಸರೆಲ್ಲ ಅಡುಗೆಮನೆಯಲ್ಲಿ, ಬಡಿಸುವ ಕಿಟಕಿಯ ಹಿಂದೆ. ಆರ್ಲಿಸ್‌ಳ ಕೌದಿ ಮೊದಲು ಬಂತು. ಐದು ತಿಂಗಳ ಕೆಲಸ, ನೂರ ಅರವತ್ತಕ್ಕೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಪಾಪ, ಅಷ್ಟೇನಾ ಎಂದು ಒಬ್ಬನಿಗೂ ಅನ್ನಿಸಲಿಲ್ಲ, ಲೈಲ್‌ಗೂ ಸಹ.

ಆಮೇಲೆ ಕೋವಿ ಬಂತು. ಹರಾಜುಗಾರ ಕ್ಯಾಲ್ ಅದನ್ನು ಎತ್ತಿ ಹಿಡಿದು, "ಕೈ ಕೆಲಸ ನೋಡ್ರಪ್ಪ! ಕೋಳಿ ನೋಡ್ರಪ್ಪ! ಎರಡು ಸಾವಿರ ಯಾರು?" ಅಂದ. ಯಾರೂ ಇಲ್ಲ. ಸಾವಿರ? ಇಲ್ಲ. ಐನೂರು? ಎಲ್ಲರೂ ತಟ್ಟೆ ನೋಡಿಕೊಂಡರು. ಲೈಲ್‌ಗೆ ಒಳಗೊಳಗೇ ಖುಷಿ, ಒಳಗೊಳಗೇ ಸಂಕಟ. ಇನ್ನೂರಕ್ಕಿಳಿದಾಗ ಅವನು ಕಿವಿ ಕೆರೆದುಕೊಂಡ. ಗೇಲನ್ ಕೂಗಿದ.

"ಇನ್ನೂರು ಡಾಕ್ಟರಿಗೆ! ಒಂದು ಸಲ... ಎರಡು ಸಲ..."

"ಮುನ್ನೂರು! ನಂಬರ್ ಅರವತ್ತೊಂದು!" ಕ್ಯಾಲ್ ಅಡುಗೆಮನೆ ಕಡೆ ಕೈ ತೋರಿಸಿದ.

ಬಡಿಸುವ ಕಿಟಕಿಯಿಂದ ಒಂದು ಕೈ ಹೊರಗೆ ಬಂದಿತ್ತು. ಬಿಸಿ ಪಾತ್ರೆ ಹಿಡಿಯುವ ಹೂವಿನ ಗವಸು ತೊಟ್ಟ ಕೈ, ಅದರಲ್ಲಿ ನಂಬರಿನ ಚೀಟಿ. ಒಳಗೆ ಹನ್ನೊಂದು ಹೆಂಗಸರು, ಹನ್ನೊಂದು ಜನರಿಗೂ ಅದೇ ಗವಸು. ಲೈಲ್ ಎದ್ದು ಬಗ್ಗಿ ನೋಡಿದರೂ ಹಬೆಯ ಹೊರತು ಏನೂ ಕಾಣಲಿಲ್ಲ. ಇದು ಕೆಫೆಯ ಗೆಳೆಯ, ಟ್ರ್ಯಾಕ್ಟರ್ ವ್ಯಾಪಾರಿ ವೆಂಡೆಲ್‌ನದೇ ಕಿತಾಪತಿ ಎಂದು ತೀರ್ಮಾನಿಸಿದ. ಹೆಂಡತಿಯ ಕೈಲಿ ಕೂಗಿಸಿ, ನಾಳೆ ತನ್ನದೇ ಕೋವಿಯನ್ನು ತನ್ನ ಮುಂದೆ ಮೆರೆಸುತ್ತಾನೆ! ಕೆರೆದ. ನಾನೂರು. ಗವಸು ಎದ್ದಿತು. ಕೆರೆದ. ಸಾವಿರ ದಾಟಿತು.

ಒಂದು ಕಡೆ ಹೊಟ್ಟೆ ಉರಿಯುತ್ತಿತ್ತು, ಇನ್ನೊಂದು ಕಡೆ ಎದೆ ಉಬ್ಬುತ್ತಿತ್ತು. ನೋಡಿ, ನೋಡಿ, ನನ್ನ ಕೋವಿಗೆ ಬೆಲೆ ಇದೆ! ಎರಡು ಸಾವಿರಕ್ಕೆ ಜನ ಊಟ ಬಿಟ್ಟರು. ಮೂರಕ್ಕೆ ಕುರ್ಚಿ ಹತ್ತಿದರು. ಜೀವಮಾನದಲ್ಲಿ ಒಂದು ಗುಬ್ಬಚ್ಚಿಗೂ ಗುರಿಯಿಡದ ಗೇಲನ್‌ನನ್ನು ಜನ ಭಯಭಕ್ತಿಯಿಂದ ನೋಡಿದರು. "ಲೈಲ್, ಸಾಕು ಮಾರಾಯ, ಕಿವಿ ಕಿತ್ತು ಬರುತ್ತೆ" ಎಂದು ಅವನು ಪಿಸುಗುಟ್ಟಿದ. ಲೈಲ್ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕು ಸಾವಿರದ ಆರುನೂರು, ಗವಸು. ಕೆರೆದ. ನಾಲ್ಕು ಸಾವಿರದ ಏಳುನೂರು, ಗೇಲನ್.

ಗವಸು ಒಳಗೆ ಹೋಯಿತು. ಮತ್ತೆ ಬರಲಿಲ್ಲ.

"ಕೊಟ್ಟಾಯ್ತು!" ಕ್ಯಾಲ್ ಮೇಜು ಗುದ್ದಿದ. ಶೆಡ್ಡು ಹಾರಿಹೋಗುವಂತೆ ಚಪ್ಪಾಳೆ. ಕೆಂಪೇರಿದ ಕಿವಿ ಹಿಡಿದುಕೊಂಡು ಲೈಲ್ ಕುಸಿದು ಕೂತ.

ಅಡುಗೆಮನೆ ಬಾಗಿಲು ತೆರೆದು ಆರ್ಲಿಸ್ ಬಂದಳು. ಕೈಯಲ್ಲಿ ಹೂವಿನ ಗವಸು, ಕಂಕುಳಲ್ಲಿ ಅರವತ್ತೊಂದರ ಚೀಟಿ. ಬಂದವಳೇ ಅವನ ಪಕ್ಕ ಕೂತು ಅವನ ತಟ್ಟೆಯಿಂದ ಒಂದು ಉಪ್ಪಿನಕಾಯಿ ಸೌತೆ ತೆಗೆದು ಕಡಿದಳು.

"ನೀನಾ?" ಲೈಲ್ ಗವಸನ್ನೇ ನೋಡಿದ. "ನನ್ನ ಮೇಲೇ ಕೂಗ್ತಿದ್ದೆಯಾ?"

"ನಿನ್ನ ಮೇಲಾ? ನಾನು ಗೇಲನ್ ಮೇಲೆ ಅಂದ್ಕೊಂಡಿದ್ದೆ. ಅಂದ್ರೆ ಆ ದುಡ್ಡು ನಿಂದಾ?"

ಲೈಲ್ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವಳು ಅವಳು.

"ನಾಲ್ಕು ಸಾವಿರದ ಏಳುನೂರು ಇವತ್ತಿಂದು" ಅಂದಳು ಆರ್ಲಿಸ್ ಸಮಾಧಾನವಾಗಿ. "ನಾಲ್ಕು ಸಾವಿರದ ಇನ್ನೂರು ಹಳೇದು. ಒಟ್ಟು ಎಂಟು ಸಾವಿರದ ಒಂಬೈನೂರು. ಯಂತ್ರಕ್ಕೆ ಸರಿಯಾಗತ್ತೆ. ಅದಕ್ಕೇ ನಿಲ್ಲಿಸ್ದೆ."

"ನಾಲ್ಕು ಸಾವಿರದ ಇನ್ನೂರು... ಅದು ನಿನಗೆ..."

"ಒಟ್ಟೊನ ಹೆಂಡತಿ ಪ್ರತಿ ಮಂಗಳವಾರ ನನ್ನ ಪಕ್ಕದಲ್ಲೇ ಕೂತು ಹೊಲೀತಾಳೆ. ಅವಳ ಸೂಜಿಗಿಂತ ಬಾಯಿ ಚುರುಕು."

"ಎರಡು ವರ್ಷದಿಂದ ಗೊತ್ತಿದ್ದೂ ಸುಮ್ಮನಿದ್ದೆಯಾ? ಮೊದಲೇ ಹೇಳೋದಲ್ವಾ!"

"ಮರ ಬಂದಾಗಲೇ ಹೇಳಿದ್ರೆ ನೀನು ಅಲ್ಲಿಗೇ ನಿಲ್ಲಿಸ್ತಿದ್ದೆ. ಸಾವಿರದ ನಾನೂರು ಡಾಲರಿಗೆ ನನಗೇನು, ಯಂತ್ರದ ಪೆಡಲ್ಲು ಬರ್ತಿತ್ತಾ? ಬೆಳೀಲಿ ಅಂತ ಬಿಟ್ಟೆ."

ಲೈಲ್ ಕೊನೆಯ ಹುಲ್ಲುಕಡ್ಡಿ ಹಿಡಿದ. "ಅಕಸ್ಮಾತ್ ನಾನು ನಡುವೆ ಬಿಟ್ಟಿದ್ರೆ? ಅಷ್ಟು ದುಡ್ಡು ಕೊಟ್ಟು ನೀನೇ ಕೋವಿ ತಗೋಬೇಕಿತ್ತಲ್ಲ!"

"ನೀನು? ಬಿಡೋದು?" ಆರ್ಲಿಸ್‌ಗೆ ಎಷ್ಟು ನಗು ಬಂತೆಂದರೆ ಕಣ್ಣೊರೆಸಿಕೊಳ್ಳಲು ಗವಸು ಬೇಕಾಯಿತು. ಅವಳು ಅವನ ಉರಿಯುವ ಕಿವಿಯನ್ನು ಮೆಲ್ಲಗೆ ಸವರಿದಳು. ಆ ಪ್ರೀತಿಯಲ್ಲಿ ಕಪಟವಿರಲಿಲ್ಲ. ಅವನಿಗೆ ಹೆಚ್ಚು ನೋವಾದದ್ದೂ ಅದಕ್ಕೇ.

"ಹೋಗಲಿ ಬಿಡು" ಅಂದ ಲೈಲ್, ಇದ್ದಬದ್ದ ಮಾನ ಕೂಡಿಸಿಕೊಂಡು. "ನನ್ನ ಕೋವಿ ನಾಲ್ಕು ಸಾವಿರದ ಏಳುನೂರು ಬಾಳುತ್ತೆ ಅಂತ ಊರ ಮುಂದೆ ಸಾಬೀತಾಯ್ತಲ್ಲ."

"ಆಯ್ತಪ್ಪ. ಈ ಭೂಮಿ ಮೇಲೆ ಅದಕ್ಕೆ ಅಷ್ಟು ಬೆಲೆ ಕಟ್ಟೋರು ಇಬ್ಬರೇ ಇಬ್ಬರು. ಇಬ್ಬರೂ ಇಲ್ಲೇ ಕೂತಿದ್ದೀವಿ."

ಅಷ್ಟರಲ್ಲಿ ಕ್ಯಾರಲ್ ರಸೀದಿ ಪುಸ್ತಕ ಹಿಡಿದು, ದುಡ್ಡು ಕೊಡುವ ಡಾಕ್ಟರನ್ನು ಹುಡುಕುತ್ತ ಬಂದಳು. ಗೇಲನ್ ಲೈಲ್ ಕಡೆ ಬೆರಳು ತೋರಿಸಿದ. ಲೈಲ್ ನಿಟ್ಟುಸಿರಿಟ್ಟು ಚೆಕ್ಕುಪುಸ್ತಕ ತೆಗೆದು, ಒಂದು ಹಾಳೆ ಬರೆದು ಹರಿದುಕೊಟ್ಟ. ಪುಸ್ತಕ ಮುಚ್ಚಲು ಹೊರಟಾಗ ಅದರ ಮೇಲೆ ಹೂವಿನ ಗವಸು ಬಂದು ಕೂತಿತು.

"ಪೆನ್ನು ಒಳಗಿಡಬೇಡ" ಅಂದಳು ಆರ್ಲಿಸ್. "ಇನ್ನೊಂದಿದೆ. ಅದು ದೊಡ್ಡದು."